ಅಚ್ಚುಕಟ್ಟು ಅಳಿದ ಮೇಲೆ ಕೆರೆ ಉಳಿಯಲಿಲ್ಲ

ಬೆಂಗಳೂರು ಹೊಳೆಯ ದಂಡೆಯಲ್ಲಿ ಹುಟ್ಟಿದ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರು. ಇಲ್ಲಿ ಬಿದ್ದ ಮಳೆ ಎರಡು ದಿಕ್ಕಿಗೆ ಹಂಚಿಹೋಗುತ್ತದೆ. ಪಡುವಣ ಇಳಿಜಾರಿನ ನೀರು ವೃಷಭಾವತಿಯಾಗಿ ಅರ್ಕಾವತಿಯನ್ನು ಕೂಡಿ ಕಾವೇರಿಗೆ ಸೇರಿದರೆ, ಮೂಡಣ ಇಳಿಜಾರಿನದು ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಬೇರೆ ಸೀಮೆಯ ಮಳೆಯನ್ನು ಹೊತ್ತು ತರುವ ನದಿ ಈ ದಿಣ್ಣೆಗೆ ಬರುವುದಿಲ್ಲ. ಹೀಗಾಗಿ ಇಲ್ಲಿ ಬಾಳಬೇಕೆಂದವರಿಗೆ ತಲೆಯ ಮೇಲೆ ಬಿದ್ದ ನೀರನ್ನು ಅದು ಇಳಿದು ಹೋಗುವ ಮೊದಲೇ ತಡೆದು ನಿಲ್ಲಿಸುವುದು ಅನಿವಾರ್ಯವಾಗಿತ್ತು. ಆ ಅನಿವಾರ್ಯತೆಯಿಂದ ಹುಟ್ಟಿದವು ಈ ಊರಿನ ಕೆರೆಗಳು. ಅವು ಹೇಗೆ ಸತ್ತವೆಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ ಒತ್ತುವರಿ, ದುರಾಸೆ, ಕೊಳಚೆ. ಮೂರೂ ನಿಜವೇ. ಆದರೆ ಇತಿಹಾಸದ ದಾಖಲೆಯನ್ನು ಸಾಲಾಗಿ ಇಟ್ಟು ನೋಡಿದರೆ ಅವುಗಳ ಹಿಂದಿನ ಒಂದು ಕಾರಣ ಕಾಣುತ್ತದೆ: ದೂರದ ನೀರು ಮನೆಗೆ ಬಂದ ಪ್ರತಿ ಸಲವೂ ಹತ್ತಿರದ ನೀರಿಗೆ ಹೊಣೆಗಾರರಾಗಿದ್ದವರು ಕಡಿಮೆಯಾಗುತ್ತ ಹೋದರು. ಹೊಣೆಗಾರರಿಲ್ಲದ ಕೆರೆ ಮೊದಲು ಬರೀ ಜಾಗವಾಯಿತು, ಆಮೇಲೆ ನಿವೇಶನವಾಯಿತು.

ಈ ಭಾಗದಲ್ಲಿ ಕೆರೆಯ ಹೊಣೆ ಎಷ್ಟು ಹಳೆಯದೆಂಬುದಕ್ಕೆ ಕಲ್ಲಿನ ಸಾಕ್ಷಿಯಿದೆ. ಇಂದು ವರ್ತುಲ ರಸ್ತೆಯ ಮಗ್ಗುಲಲ್ಲಿರುವ ಅಗರದಲ್ಲಿ ಗಂಗರ ಕಾಲದ, 9ನೇ ಶತಮಾನದ ಶಾಸನ ಸಿಕ್ಕಿದೆ. ಕೆರೆಗಳಿಗೆ ತೂಬಿಡಿಸಿದ್ದು, ಹೊಸ ಕೆರೆ ಕಟ್ಟಿಸಿದ್ದು, ಅದಕ್ಕಾಗಿ ಬಿತ್ತುವಟ್ಟ ದೊರೆತದ್ದು ಅದರಲ್ಲಿದೆ. ಬಿತ್ತುವಟ್ಟ ಎಂದರೆ ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಅದೇ ಕೆರೆಯ ಕೆಳಗಿನ ಭೂಮಿಯಿಂದ ಸಲ್ಲುತ್ತಿದ್ದ ಪಾಲು. ಕೆರೆ ತುಂಬಿದರೆ ಆ ಭೂಮಿ ಬೆಳೆಯುತ್ತದೆ, ಕೆರೆ ಒಡೆದರೆ ಆ ಪಾಲೂ ಒಣಗುತ್ತದೆ. ನೀರು ಕಾಯುವವನ ಅನ್ನವನ್ನು ನೀರಿಗೇ ಕಟ್ಟಿಹಾಕಿದ ಈ ಏರ್ಪಾಟು ಕನ್ನಡನಾಡಿನ ನೂರಾರು ಶಾಸನಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಕಾಣುತ್ತದೆ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟಿದಾಗ ಧರ್ಮಾಂಬುಧಿ, ಕೆಂಪಾಂಬುಧಿಗಳಂಥ ಕೆರೆಗಳೂ ಪೇಟೆಯ ಜೊತೆಯಲ್ಲೇ ಬೆಳೆದದ್ದು ಈ ಪರಂಪರೆಯ ಮುಂದುವರಿಕೆ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲಿ ಲೆಕ್ಕ ಹಾಕಿ, ಸಂಸ್ಥಾನದ ನೆಲದ ಹೆಚ್ಚುಕಡಿಮೆ ಐದರಲ್ಲಿ ಮೂರು ಪಾಲು ಒಂದಲ್ಲ ಒಂದು ಕೆರೆಗೆ ನೀರು ಹರಿಸುವ ಜಲಾನಯನವೇ ಆಗಿದೆಯೆಂದು ಬರೆದರು. ಆ ಪ್ರದೇಶದೊಳಗೆ ಹೊಸ ಕೆರೆಗೆ ತಾಣ ಹುಡುಕುವುದೇ ಕಷ್ಟವೆಂಬುದು ಅವರ ಅಭಿಪ್ರಾಯವಾಗಿತ್ತು.

ಕೆರೆಯೆಂದರೆ ನೀರು ನಿಂತ ತಗ್ಗು ಮಾತ್ರ ಎಂದುಕೊಂಡರೆ ಈ ಏರ್ಪಾಟು ಅರ್ಥವಾಗುವುದಿಲ್ಲ. ಮಣ್ಣಿನ ಏರಿ, ಅದರ ಒಳಮೈಗೆ ಕಲ್ಲುಕಟ್ಟಡ, ಏರಿಯ ಅಡಿಯಲ್ಲಿ ಹಾದುಹೋಗುವ ತೂಬು, ಹೆಚ್ಚಾದ ನೀರು ಹರಿದು ಹೋಗಲು ಕೋಡಿ, ತೂಬಿನ ಕೆಳಗೆ ಅಚ್ಚುಕಟ್ಟು, ಇವಿಷ್ಟೂ ಸೇರಿದರೆ ಕೆರೆ. ನೀರಿನ ನಡುವೆ ನಿಂತ ಎರಡು ಕಲ್ಲುಕಂಬ, ಅವುಗಳ ಮಧ್ಯೆ ಉದ್ದನೆಯ ಗಳು, ಗಳುವಿನ ತುದಿಯಲ್ಲಿ ತೂಬಿನ ಬಾಯಿ ಮುಚ್ಚುವ ಬೆಣೆ. ಅದನ್ನು ಎತ್ತುವವನು, ಇಳಿಸುವವನು ನೀರುಗಂಟಿ. ಬೆಣೆ ಸಿಕ್ಕಿಕೊಂಡರೆ ಆತ ನೀರಿನೊಳಗೆ ಮುಳುಗಿ ಬಿಡಿಸಬೇಕು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾರ ಪಾಳಿ ಯಾವಾಗ ಎಂಬುದು ಅವನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಬರದ ವರ್ಷದಲ್ಲಿ ಅಚ್ಚುಕಟ್ಟಿನ ಅರ್ಧಕ್ಕೇ ಬೆಳೆ ಎಂದು ರೈತರು ಕೂತು ತೀರ್ಮಾನಿಸಿದರೆ ಅದನ್ನು ನಡೆಸಿಕೊಡುವುದೂ ಅವನ ಕೆಲಸ. ಮಳೆಗಾಲದ ರಾತ್ರಿ ಏರಿಯ ಮೇಲೆ ನಡೆದು ಎಲ್ಲಾದರೂ ನೀರು ಜಿನುಗುತ್ತಿದೆಯೇ ಎಂದು ನೋಡಿ ಊರನ್ನು ಎಬ್ಬಿಸುವವನೂ ಅವನೇ. ಕೋಡಿಯ ನೀರು ರಾಜಕಾಲುವೆಯಲ್ಲಿ ಇಳಿದು ಕೆಳಗಿನ ಕೆರೆಗೆ ಹೋಗಬೇಕಾದ್ದರಿಂದ ಮೇಲಿನ ಊರು ಕೋಡಿಯನ್ನು ಎತ್ತರಿಸಿದರೆ ಕೆಳಗಿನ ಊರು ಬಂದು ಜಗಳಕ್ಕೆ ನಿಲ್ಲುತ್ತಿತ್ತು. ಒಂದು ಕೆರೆಯ ಕೋಡಿಯ ಎತ್ತರ ಇಡೀ ಸರಪಳಿಯ ಒಪ್ಪಂದವಾಗಿತ್ತು. ಶಿಸ್ತಿಗೂ ಕೆರೆಯ ಕೆಳಗಿನ ಭೂಮಿಗೂ ಕನ್ನಡದಲ್ಲಿ ಅಚ್ಚುಕಟ್ಟು ಎಂಬ ಒಂದೇ ಮಾತಿರುವುದು ಗಮನಿಸಬೇಕಾದ ಸಂಗತಿ.

ಪೇಟೆಯ ಜನ ಕೆರೆಯ ನೀರನ್ನೇ ಕುಡಿಯುತ್ತಿದ್ದರೆಂದು ಭಾವಿಸಬೇಕಿಲ್ಲ. ಕುಡಿಯುವ ನೀರು ಬಹುಪಾಲು ಬಾವಿ, ಕಲ್ಯಾಣಿಗಳಿಂದ ಬರುತ್ತಿತ್ತು. ಕೆರೆ ಆ ಬಾವಿಗಳ ಒರತೆಯನ್ನು ಜೀವಂತ ಇಡುತ್ತಿತ್ತು. ಪೇಟೆಗೂ ಮುಂದೆ ಬ್ರಿಟಿಷರು ನೆಲೆಯೂರಿದ ದಂಡಿಗೂ ನಡುವೆ ಇದ್ದ ಸಂಪಂಗಿ ಕೆರೆಯನ್ನೇ ನೋಡಿ. ಅದರ ಸುತ್ತ ತಿಗಳರ ಹೂವು-ತರಕಾರಿ ತೋಟಗಳಿದ್ದವು. ದನಕರು, ಮಡಿವಾಳರು, ಮೀನು ಹಿಡಿಯುವವರು, ಇಟ್ಟಿಗೆ ಸುಡುವವರು ಅದನ್ನು ನೆಚ್ಚಿದ್ದರು. ಚೈತ್ರದ ಹುಣ್ಣಿಮೆಗೆ ನಡೆಯುವ ಕರಗದ ವಿಧಿಗಳು ಆ ಕೆರೆಯ ನೀರಿಗೆ ಕಟ್ಟಿಕೊಂಡಿದ್ದವು. ಒಂದೇ ನೀರಿಗೆ ಇಷ್ಟು ಕಸುಬುಗಳು ಜೋತುಬಿದ್ದಿದ್ದವೆಂದರೆ, ಆ ನೀರು ಕೆಟ್ಟರೆ ಅದೇ ದಿನ ದನಿ ಎತ್ತುವವರು ಅಷ್ಟೇ ಸಂಖ್ಯೆಯಲ್ಲಿ ಇದ್ದರೆಂದು ಅರ್ಥ.

ಈ ಬಂಧ ಸಡಿಲವಾಗಲು ಶುರುವಾದದ್ದು 19ನೇ ಶತಮಾನದಲ್ಲಿ. 1809ರಲ್ಲಿ ಹಲಸೂರಿನ ಕಡೆ ಬ್ರಿಟಿಷರ ದಂಡು ನೆಲೆಯೂರಿದ ಮೇಲೆ ಒಂದು ಊರು ಎರಡಾಯಿತು, ನೀರಿನ ಬೇಡಿಕೆಯೂ ಏರಿತು. ಅದೇ ಶತಮಾನದ ಕಂದಾಯ ಮತ್ತು ಲೋಕೋಪಯೋಗಿ ಆಡಳಿತದಲ್ಲಿ ಕೆರೆಯ ದುರಸ್ತಿ ಊರಿನ ಪದ್ಧತಿಯಿಂದ ಇಲಾಖೆಯ ಕಡತಕ್ಕೆ ಸರಿಯಿತು. ಬಿತ್ತುವಟ್ಟದಂಥ ಕೊಡಗೆ, ಮಾನ್ಯಗಳ ಆಧಾರ ತಪ್ಪಿದಂತೆ ಊರಿನವರ ಕೈ ಹಿಂದೆ ಸರಿಯಿತು, ಎಲ್ಲ ಕೆರೆಗಳನ್ನೂ ನೋಡಿಕೊಳ್ಳುವಷ್ಟು ಹಣವಾಗಲಿ ಜನವಾಗಲಿ ಇಲಾಖೆಯ ಬಳಿ ಇರಲಿಲ್ಲ. ಈ ತೊಡಕನ್ನು ಸರ್ಕಾರವೇ ಕಂಡುಕೊಂಡಿತೆಂಬುದಕ್ಕೆ 1911ರ ಮೈಸೂರು ಕೆರೆ ಪಂಚಾಯ್ತಿ ಕಾನೂನೇ ಸಾಕ್ಷಿ. ಬಿಟ್ಟುಹೋದ ಹೊಣೆಯನ್ನು ಪಂಚಾಯ್ತಿಯ ರೂಪದಲ್ಲಿ ಮತ್ತೆ ಊರಿಗೆ ಕೊಡುವ ಯತ್ನ ಅದು. ಒಮ್ಮೆ ಬಿಚ್ಚಿದ ಗಂಟು ಕಾಯಿದೆಯಿಂದ ಮತ್ತೆ ಬಿಗಿಯಾಗಲಿಲ್ಲ.

1876-78ರ ಭೀಕರ ಬರ ಸಂಸ್ಥಾನದ ಜನಸಂಖ್ಯೆಯನ್ನೇ ಕುಗ್ಗಿಸಿತು, ಬೆಂಗಳೂರಿನ ಕೆರೆ-ಬಾವಿಗಳ ಮಿತಿಯನ್ನೂ ತೋರಿಸಿತು. ಸ್ಯಾಂಕಿ ಕೆರೆ ಕಟ್ಟಿದ್ದು ಅದಾದ ಕೆಲವೇ ವರ್ಷಗಳಲ್ಲಿ, 1882ರಲ್ಲಿ. ಅದೂ ಸಾಲದಾದಾಗ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ಜಲಾಶಯ ಸಿದ್ಧವಾಯಿತು. ಚಾಮರಾಜೇಂದ್ರ ಜಲಕಾಮಗಾರಿ ಎಂಬ ಹೆಸರಿನ ಆ ಯೋಜನೆಯಿಂದ 1896ರಲ್ಲಿ ಊರಿಗೆ ನೀರು ಬಂತು. ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿದು ಬಂದ ನೀರನ್ನು ಹಬೆಯಂತ್ರಗಳು ಮೇಲಕ್ಕೆತ್ತುತ್ತಿದ್ದವು. ಮುಂದೆ ಮಲ್ಲೇಶ್ವರದ ಕಡೆ ಜ್ಯೂಯೆಲ್ ಫಿಲ್ಟರ್‌ಗಳಲ್ಲಿ ಸೋಸಿದ ನೀರು ನಲ್ಲಿಗಳಿಗೆ ಹೋಗುತ್ತಿತ್ತು. 1898ರಲ್ಲಿ ಪ್ಲೇಗ್ ಬಂದು ಪೇಟೆಯನ್ನು ತಲ್ಲಣಗೊಳಿಸಿತು. ಜನ ಮಲ್ಲೇಶ್ವರ, ಬಸವನಗುಡಿಗಳಂಥ ಹೊಸ ಬಡಾವಣೆಗಳಿಗೆ ಹೋದರು, ಅಲ್ಲಿಗೆಲ್ಲ ಕೊಳವೆಯ ನೀರು ಬೇಕಾಯಿತು. ಸಾವಿರಾರು ಜನರ ಆರೋಗ್ಯ ಉಳಿಸಿದ ಈ ಸಾಧನೆಯನ್ನು ಹಗುರವಾಗಿ ಕಾಣುವುದು ಕೃತಘ್ನತೆ. ನನ್ನ ಪ್ರಶ್ನೆ ಇಷ್ಟೆ: ಹೆಸರಘಟ್ಟದ ನೀರು ಬಂದ ಮೇಲೆ ಸಂಪಂಗಿಯ ನೀರು ಯಾರದ್ದಾಯಿತು?

ಅದರ ಉತ್ತರ ಸಂಪಂಗಿ ಕೆರೆಯ ಮುಂದಿನ ಐವತ್ತು ವರ್ಷಗಳಲ್ಲಿದೆ. ಕೆರೆ ತುಂಬಿದರೆ ತಮ್ಮ ಅಂಗಳಕ್ಕೆ ನೀರು ನುಗ್ಗುತ್ತದೆ, ಮಟ್ಟ ತಗ್ಗಿಸಿ ಎಂದು ಆಸುಪಾಸಿನ ಬಂಗಲೆಯವರು ಕೇಳಿದರು. ನೀರು ಇಳಿದರೆ ತೋಟ ಒಣಗುತ್ತದೆ, ಕೆರೆ ತುಂಬಿರಲಿ ಎಂದು ತೋಟಗಾರರು ಅರ್ಜಿ ಕೊಟ್ಟರು. ನಲ್ಲಿ ಬಂದ ಮನೆಗಳಿಗೆ ಕೆರೆ ಸೊಳ್ಳೆಯ ತಾಣವಾಗಿ, ನೋಟಕ್ಕೆ ಅಡ್ಡಿಯಾಗಿ ಕಂಡಿತು; ತೋಟದವರಿಗೆ ಮಾತ್ರ ಅದು ಅನ್ನವಾಗಿ ಉಳಿಯಿತು. ಬಂಗಲೆಯ ಮಾತು ನಡೆಯಿತು. ಕೆರೆಯ ಅಂಗಳ ಒಣಗಿ ಪೋಲೊ ಮೈದಾನವಾಯಿತು, ಸ್ವಾತಂತ್ರ್ಯದ ಹೊತ್ತಿನಿಂದ ಮುಂದಕ್ಕೆ ಕಂಠೀರವ ಕ್ರೀಡಾಂಗಣವಾಯಿತು. ಧರ್ಮಾಂಬುಧಿ ಬತ್ತಿ ಮೊದಲು ಮೈದಾನವಾಗಿ, ಬಳಿಕ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಿದ್ಧಿಕಟ್ಟೆಯಿದ್ದಲ್ಲಿ 1921ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದಿತು. ಈ ಯಾವ ಬದಲಾವಣೆಯೂ ಕದ್ದುಮುಚ್ಚಿ ನಡೆದ ಒತ್ತುವರಿಯಲ್ಲ. ಎಲ್ಲವೂ ಸಾರ್ವಜನಿಕ ಹಿತದ ಹೆಸರಿನಲ್ಲಿ, ಕಡತದ ಮೂಲಕ, ಹಗಲಲ್ಲೇ ನಡೆದವು. ಬೇಡವೆನ್ನುವ ಶಕ್ತಿಯುಳ್ಳ ಯಾರಿಗೂ ಆ ನೀರು ಬೇಕಾಗಿರಲಿಲ್ಲ.

ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ಅರ್ಕಾವತಿಗೂ ಆಯಿತು. 1920ರ ದಶಕದಲ್ಲಿ ಮಳೆ ಕೈಕೊಟ್ಟಾಗ ಹೆಸರಘಟ್ಟ ಊರಿಗೆ ಸಾಲದಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದ ಸಮಿತಿಯ ಸಲಹೆಯಂತೆ ಅರ್ಕಾವತಿ-ಕುಮುದ್ವತಿಗಳ ಸಂಗಮದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ 1933ರಲ್ಲಿ ಸಿದ್ಧವಾಯಿತು. ಮುಂದಿನ ನಾಲ್ಕು ದಶಕ ಬೆಂಗಳೂರು ಅದನ್ನೇ ನೆಚ್ಚಿ ಬದುಕಿತು. 1964ರಲ್ಲಿ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿ 1ನೇ ಹಂತದಲ್ಲಿ ದಿನಕ್ಕೆ 13.5 ಕೋಟಿ ಲೀಟರ್ ನೀರು ಊರಿಗೆ ಬಂತು. ಕಾವೇರಿ ಬಂದ ಮೇಲೆ ಅರ್ಕಾವತಿಯ ಜಲಾನಯನದ ಬಗ್ಗೆ ನಗರಕ್ಕಿದ್ದ ಆತಂಕ ಕರಗತೊಡಗಿತು. ನೂರಾರು ಸಣ್ಣ ಕಾಲುವೆಗಳು ಮುಚ್ಚಿದವು, ಕೊಳವೆಬಾವಿಗಳು ಒರತೆಯನ್ನು ಹೀರಿದವು, ಕಾರ್ಖಾನೆ ಮತ್ತು ಬಡಾವಣೆಗಳ ಕೊಳಚೆ ಇಳಿಯಿತು. ಒಂದು ಕಾಲಕ್ಕೆ ಇಡೀ ಊರಿನ ದಾಹ ತೀರಿಸಿದ ತಿಪ್ಪಗೊಂಡನಹಳ್ಳಿಯಿಂದ ಕುಡಿಯುವ ನೀರು ತರುವುದನ್ನೇ ನಿಲ್ಲಿಸಬೇಕಾಯಿತು. ಸಂಪಂಗಿಯಲ್ಲಿ ನಡೆದದ್ದನ್ನು ನಗರ ಒಂದು ನದಿಗೇ ಮಾಡಿತು.

ಕಾವೇರಿ ನೀರು ಬರುವ ದಾರಿಯನ್ನು ಒಮ್ಮೆ ನೆನೆಯಬೇಕು. ಶಿವ ಅಣೆಕಟ್ಟಿನ ಬಳಿ ತಿರುಗಿಸಿದ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗುತ್ತದೆ. ಅಲ್ಲಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಆಗಿ ಸುಮಾರು 100 ಕಿಲೋಮೀಟರ್ ದೂರ ಬರುತ್ತದೆ, ಸುಮಾರು 500 ಮೀಟರ್ ಎತ್ತರ ಏರುತ್ತದೆ. ಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಹೋಗುವುದು ಈ ವಿದ್ಯುತ್ತಿಗೆ. 1905ರಲ್ಲಿ ಇದೇ ಶಿವನಸಮುದ್ರದ ಸೀಮೆಯಿಂದ ಬೆಂಗಳೂರಿಗೆ ಬೆಳಕು ಬಂದಿತ್ತು. ಇಂದು ಅದೇ ಸೀಮೆಯ ನೀರನ್ನು ಮೇಲೆತ್ತಲು ಹಗಲಿರುಳು ವಿದ್ಯುತ್ ಸುಡುತ್ತಿದ್ದೇವೆ. 2012ರ ವೇಳೆಗೆ 4 ಹಂತಗಳು ಮುಗಿದು ದಿನಕ್ಕೆ ಸುಮಾರು 145 ಕೋಟಿ ಲೀಟರ್ ಬರುವಂತಾಯಿತು. 2024ರ ಅಕ್ಟೋಬರ್‌ನಲ್ಲಿ 5ನೇ ಹಂತ ಇನ್ನೂ 77.5 ಕೋಟಿ ಲೀಟರ್ ಸೇರಿಸಿತು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳು ಅಲ್ಲಿಯವರೆಗೂ ಬೋರ್‌ವೆಲ್ ಮತ್ತು ಟ್ಯಾಂಕರ್‌ಗಳನ್ನೇ ನೆಚ್ಚಿಕೊಂಡಿದ್ದವು. 2024ರ ಬೇಸಿಗೆಯಲ್ಲಿ ನಗರದ ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆಯೆಂದು ಸರ್ಕಾರವೇ ಹೇಳಿತ್ತು.

ಕಾವೇರಿಯ ಹಂತಗಳ ಜೊತೆಜೊತೆಗೇ ಕೆರೆಗಳ ಎರಡನೆಯ ಸಾವಿನ ಅಲೆ ಬಂತು. ಸಂಪಂಗಿಯ ಕಾಲದಲ್ಲಿ ಬಳಕೆ ಮೊದಲು ಕುಗ್ಗಿತ್ತು. ಈ ಸಲ ಮೊದಲು ಹೋದದ್ದು ಅಚ್ಚುಕಟ್ಟು. 1945ರಲ್ಲಿ ರಚನೆಯಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ, ಅದರ ಉತ್ತರಾಧಿಕಾರಿಯಾಗಿ 1976ರಲ್ಲಿ ಬಂದ ಅಭಿವೃದ್ಧಿ ಪ್ರಾಧಿಕಾರ ಬಡಾವಣೆಗಾಗಿ ಸ್ವಾಧೀನ ಮಾಡಿಕೊಂಡ ಜಮೀನಿನಲ್ಲಿ ಕೆರೆಗಳ ಕೆಳಗಿನ ಗದ್ದೆ-ತೋಟಗಳೂ ಇದ್ದವು. ಪರಿಹಾರ ಕೊಟ್ಟದ್ದು ಭೂಮಿಗೆ. ಆ ಭೂಮಿಯ ಒಡೆಯರು ತಲೆಮಾರುಗಳಿಂದ ಹೊತ್ತಿದ್ದ ಕೆರೆಯ ಹೊಣೆಯನ್ನು ಯಾರ ಹೆಸರಿಗೂ ಬರೆಯಲಿಲ್ಲ. ತೂಬು ಎತ್ತಿದರೆ ನೀರು ಹೋಗುವ ಗದ್ದೆಯೇ ಇಲ್ಲದಾಗ ನೀರುಗಂಟಿಗೆ ಕೆಲಸವಿಲ್ಲ. ಹೂಳು ಹೊರುವವರಿಗೆ ಹೊಲವಿಲ್ಲ. ಕೋಡಿಯ ಎತ್ತರಕ್ಕೆ ಜಗಳವಾಡುವ ಕೆಳಗಿನ ಊರಿಲ್ಲ. ಕಂದಾಯದ ಪಹಣಿಯಲ್ಲಿ ಸರ್ಕಾರಿ ಕೆರೆ ಎಂಬ ಮಾತಷ್ಟೇ ಉಳಿಯಿತು. ಮುಂದಿನದು ಸಲೀಸು. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿ ಸಮುಚ್ಚಯ ಎದ್ದಿತು. ಶೂಲೆ ಕೆರೆ ಫುಟ್‌ಬಾಲ್ ಕ್ರೀಡಾಂಗಣವಾಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು.

ಇದೆಲ್ಲ ನೆಲದ ಬೆಲೆ ಏರಿದ್ದರ, ಜನ ಹೆಚ್ಚಿದ್ದರ ಫಲ, ಹೊಣೆಗಾರಿಕೆಯ ಮಾತೇಕೆ ಎಂದು ಕೇಳಬಹುದು. ನೆಲದ ಬೆಲೆ ಆಸೆಯನ್ನು ವಿವರಿಸುತ್ತದೆ. ಆ ಆಸೆಗೆ ಅಡ್ಡ ನಿಲ್ಲುವವರು ಏಕಿರಲಿಲ್ಲವೆಂಬುದನ್ನು ಅದು ವಿವರಿಸುವುದಿಲ್ಲ. ಸಂಪಂಗಿಯ ತೋಟಗಾರರು ಸೋತರೂ ಹೋರಾಡಿದರು, ಏಕೆಂದರೆ ಅವರ ಹೊಟ್ಟೆ ಆ ನೀರಿನ ಮೇಲಿತ್ತು. ಕೋರಮಂಗಲದ ಕೆರೆ ಮಾಯವಾಗುವ ಹೊತ್ತಿಗೆ ಅಂಥ ಗುಂಪೇ ಉಳಿದಿರಲಿಲ್ಲ. ಸುತ್ತಲಿನ ಮನೆಗಳಿಗೆ ನೀರು ಬರುತ್ತಿದ್ದುದು ಕಾವೇರಿಯಿಂದ, ಹೋಗುತ್ತಿದ್ದುದು ಚರಂಡಿಗೆ. ನೆಲದ ಬೆಲೆ ಸಂಪಂಗಿಯ ಬಳಿ ಆಗಲೂ ಹೆಚ್ಚೇ ಇತ್ತು. ಬದಲಾದದ್ದು ಎದುರು ನಿಲ್ಲುವವರ ಸಂಖ್ಯೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ಹಳೆಯ ಕೆರೆ ವ್ಯವಸ್ಥೆಯನ್ನು ಹೊಗಳುವವರು ಅದರ ಜಾತಿಯನ್ನು ಮರೆಯುತ್ತಾರೆ ಎಂಬುದು. ಇದು ಸರಿಯಾದ ಮಾತು. ನೀರುಗಂಟಿಗಳಲ್ಲಿ ಬಹುಮಂದಿ ದಲಿತರು. ಊರಿಗೆಲ್ಲ ನೀರು ಹಂಚಿದವರಿಗೆ ಊರ ಬಾವಿಯಲ್ಲಿ ಕೊಡ ಇಳಿಸುವ ಹಕ್ಕಿರಲಿಲ್ಲ. ಹೂಳೆತ್ತುವ ದುಡಿಮೆ ಎಷ್ಟೋ ಕಡೆ ಬಿಟ್ಟಿಯಾಗಿತ್ತು, ನೀರಿನ ಮೊದಲ ಪಾಲು ಬಲವುಳ್ಳವರ ಗದ್ದೆಗೆ ಹೋಗುತ್ತಿತ್ತು. ಬೀದಿ ನಲ್ಲಿಯ ಮುಂದೆ ಯಾರಾದರೂ ಕೊಡ ಹಿಡಿಯಬಹುದಾದದ್ದು ಈ ನಾಡಿನ ಸಾಮಾಜಿಕ ಇತಿಹಾಸದಲ್ಲಿ ದೊಡ್ಡ ಬಿಡುಗಡೆ. ಆದ್ದರಿಂದ ಹಳೆಯ ಊರಿನ ರಚನೆಗೆ ಮರಳಬೇಕೆಂಬುದು ನನ್ನ ವಾದವಲ್ಲ, ಮರಳಬಾರದು. ನಾವು ಉಳಿಸಿಕೊಳ್ಳಬೇಕಾದದ್ದು ಅದರೊಳಗಿದ್ದ ಒಂದು ತತ್ವವನ್ನು: ನೀರು ಬಳಸುವವರು, ನೀರು ಕಾಯುವವರು, ನೀರು ಕೆಟ್ಟರೆ ಉತ್ತರ ಹೇಳುವವರು ಒಂದೇ ಕಟ್ಟಿನೊಳಗಿರಬೇಕು. ಅಂದು ಆ ಕಟ್ಟನ್ನು ಹುಟ್ಟು ನಿರ್ಧರಿಸುತ್ತಿತ್ತು. ಇಂದು ಮತದ ಹಕ್ಕು, ವಾರ್ಡು, ಲಿಖಿತ ಲೆಕ್ಕ ನಿರ್ಧರಿಸಬಹುದು. ಹಾಗೆ ನೋಡಿದರೆ, ಟ್ಯಾಂಕರ್ ಕೊಳ್ಳುವ ಶಕ್ತಿಯಿದ್ದವರಿಗೆ ನೀರು, ಇಲ್ಲದವರಿಗೆ ಖಾಲಿ ಕೊಡ ಎಂಬ ಇವತ್ತಿನ ಸ್ಥಿತಿಯೂ ಸಮಾನತೆಯದ್ದಲ್ಲ.

ಕೋಟಿ ಮೀರಿದ ಜನಕ್ಕೆ ಕೆರೆ ನೀರು ಸಾಲುತ್ತದೆಯೇ ಎಂಬುದು ಮೂರನೆಯ ಆಕ್ಷೇಪ. ಲೆಕ್ಕ ಹಾಕಿ ನೋಡೋಣ. ನಗರದ ವಿಸ್ತೀರ್ಣ ಸುಮಾರು 700 ಚದರ ಕಿಲೋಮೀಟರ್, ವರ್ಷದ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. ಎರಡನ್ನೂ ಗುಣಿಸಿದರೆ ವರ್ಷಕ್ಕೆ ಸುಮಾರು 24 ಟಿಎಂಸಿ, ಅಂದರೆ ದಿನಕ್ಕೆ 186 ಕೋಟಿ ಲೀಟರ್. ಕಾವೇರಿಯ ಮೊದಲ 4 ಹಂತಗಳು ತಂದದ್ದಕ್ಕಿಂತ ಇದು ಹೆಚ್ಚು. ಇದಷ್ಟೂ ನಮ್ಮ ಕೈಗೆ ಸಿಗುವುದಿಲ್ಲ. ಆವಿಯಾಗುವುದು ಹೋಗುತ್ತದೆ, ಗಿಡಮರಕ್ಕೆ ಸಲ್ಲುವುದು ಸಲ್ಲಬೇಕು, ಕೆಳಗಿನ ಊರುಗಳಿಗೂ ಹರಿಯಬೇಕು. ಕಾಲು ಪಾಲನ್ನು ಹಿಡಿದರೂ ಅದು ದಿನಕ್ಕೆ 46 ಕೋಟಿ ಲೀಟರ್ ಆಗುತ್ತದೆ. 1974ರ 1ನೇ ಹಂತದ ಮೂರು ಪಟ್ಟಿಗಿಂತ ಹೆಚ್ಚು. ಹಾಗಾಗಿ ಕಾವೇರಿಯನ್ನು ಬಿಡಿ ಎಂದು ಯಾರೂ ಹೇಳಲಾರರು, ಆದರೆ ಕಾವೇರಿಯೇ ಸಾಕು ಎಂದೂ ಹೇಳಲಾಗದು. ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆಯೆಂಬ ಕಾರಣಕ್ಕೆ 2007ರಲ್ಲಿ ಕಾವೇರಿ ನ್ಯಾಯಮಂಡಳಿ ಬೆಂಗಳೂರಿನ ಪಾಲನ್ನು ಮೊಟಕುಗೊಳಿಸಿತ್ತು. ಕುಡಿಯುವ ನೀರಿಗೆ ಮೊದಲ ಸ್ಥಾನವೆಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸರಿಪಡಿಸಿ ನಗರಕ್ಕಾಗಿ 4.75 ಟಿಎಂಸಿ ಹೆಚ್ಚಿಸಿತು. ಎಷ್ಟೋ ವರ್ಷಗಳ ವ್ಯಾಜ್ಯದ ಕೊನೆಗೆ ಸಿಕ್ಕಿದ ಹೆಚ್ಚುವರಿ ಇಷ್ಟು. ನಮ್ಮ ಮೇಲೆಯೇ ಬೀಳುವ 24 ಟಿಎಂಸಿಯನ್ನು ಮಾತ್ರ ಕೊಳಚೆಯ ಜೊತೆ ಸಾಗಹಾಕುತ್ತಿದ್ದೇವೆ.

ಸಾಗಹಾಕುತ್ತಿರುವುದಕ್ಕೆ ತಿಳಿವಳಿಕೆಯ ಕೊರತೆ ಕಾರಣವಲ್ಲ. 1980ರ ದಶಕದಲ್ಲೇ ಎನ್. ಲಕ್ಷ್ಮಣರಾವ್ ಸಮಿತಿ ಇರುವ ಕೆರೆಗಳನ್ನು ಒಡೆಯಬೇಡಿ, ಕೊಳಚೆ ತಪ್ಪಿಸಿ, ಕಾಪಾಡಿ ಎಂದು ಸ್ಪಷ್ಟವಾಗಿ ಹೇಳಿತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂತು. ಮುಂದೆ ಅದೇ ಪ್ರಾಧಿಕಾರ ಕೆಲವು ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟು ಹೈಕೋರ್ಟಿನಲ್ಲಿ ಪ್ರಶ್ನೆ ಎದುರಿಸಿತು. 2009ರಲ್ಲಿ ದೊಡ್ಡ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಅಂತರ್ಜಲಕ್ಕೆ 2011ರ ಕಾಯಿದೆ ಬಂತು. ಕಾನೂನಿಗೆ ಬರವಿಲ್ಲ. ಬರವಿರುವುದು ಒಟ್ಟಿನ ಹೊಣೆಗೆ. ಕೊಳವೆಯ ನೀರು ಮತ್ತು ಒಳಚರಂಡಿ ಮಂಡಳಿಯದು, ರಾಜಕಾಲುವೆ ಪಾಲಿಕೆಯದು, ಕೆರೆ ಪಾಲಿಕೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅರಣ್ಯ ಇಲಾಖೆ, ಸಣ್ಣ ನೀರಾವರಿಗಳ ನಡುವೆ ಹಂಚಿಹೋಗಿದೆ, ನೆಲದ ದಾಖಲೆ ಕಂದಾಯದ್ದು, ಮಾಲಿನ್ಯ ಇನ್ನೊಂದು ಮಂಡಳಿಯದು. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು, 2015, 2017, 2018ರಲ್ಲಿ ನೀರಿಗೇ ಬೆಂಕಿ ಹತ್ತಿದಾಗ ದೇಶವೇ ಬೆರಗಾಯಿತು. ಅದು ಯಾರ ತಪ್ಪೆಂದು ಕೇಳಿದರೆ ಪ್ರತಿಯೊಂದು ಕಚೇರಿಗೂ ತೋರಿಸಲು ಇನ್ನೊಂದು ಕಚೇರಿ ಇತ್ತು. 2022ರ ಸೆಪ್ಟೆಂಬರ್‌ನಲ್ಲಿ ಅದೇ ಕಣಿವೆಯ ಬಡಾವಣೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರತರಬೇಕಾಯಿತು. ಅದಾಗಿ ಎರಡು ವರ್ಷ ತುಂಬುವ ಮೊದಲೇ, 2024ರ ಬೇಸಿಗೆಯಲ್ಲಿ ಆ ಭಾಗವೇ ಟ್ಯಾಂಕರ್‌ಗೆ ಕಾದು ನಿಂತಿತು. ಹಳೆಯ ನೀರುಗಂಟಿಗೆ ನೆರೆ ಮತ್ತು ಬರ ಎರಡು ಇಲಾಖೆಗಳಾಗಿರಲಿಲ್ಲ. ಒಂದೇ ತೂಬಿನ, ಒಂದೇ ಕೋಡಿಯ ಸಂಗತಿಗಳಾಗಿದ್ದವು.

ಹೊಣೆ ಮರಳಿದರೆ ನೀರೂ ಮರಳುತ್ತದೆ ಎಂಬುದಕ್ಕೆ ಈ ಊರಲ್ಲೇ ಉದಾಹರಣೆಗಳಿವೆ. ಜಕ್ಕೂರು ಕೆರೆಗೆ ಬರುವ ನೀರು ಮೊದಲು ಕೊಳಚೆ ಶುದ್ಧೀಕರಣ ಘಟಕದಲ್ಲಿ, ಆಮೇಲೆ ಜೊಂಡು ಬೆಳೆದ ತೇವಭೂಮಿಯಲ್ಲಿ ತಿಳಿಯಾಗಿ ಕೆರೆಗೆ ಇಳಿಯುತ್ತದೆ. ಸುತ್ತಲಿನ ಬಾವಿಗಳಲ್ಲಿ ಒರತೆ ಎದ್ದಿದೆ, ಮೀನುಗಾರರಿಗೆ ಕಸುಬು ಉಳಿದಿದೆ, ನೆರೆಯ ನಿವಾಸಿಗಳ ಕಣ್ಣು ಅದರ ಮೇಲಿದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಪಾಲಿಕೆ ಮತ್ತು ಸುತ್ತಲಿನ ಜನ ಕೂಡಿಯೇ ಎಬ್ಬಿಸಿದರು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ದಿನಕ್ಕೆ 44 ಕೋಟಿ ಲೀಟರ್ ಗುರಿಯಲ್ಲಿ 2018ರಿಂದ ಕೋಲಾರದ ಬತ್ತಿದ ಕೆರೆಗಳಿಗೆ ಹರಿಸಲಾಗುತ್ತಿದೆ. ಆ ನೀರಿಗೆ 3ನೇ ಹಂತದ ಶುದ್ಧೀಕರಣವೂ ಬೇಕೆಂದು ಅಲ್ಲಿನ ಜನ ಕೇಳುತ್ತಿರುವುದು ನ್ಯಾಯ. ಆ ಬೇಡಿಕೆಯೇ ಒಂದು ಶುಭಸೂಚನೆ: ಕೆರೆಗೆ ಅಚ್ಚುಕಟ್ಟು ಇರುವ ಕಡೆ ಅದರ ನೀರಿನ ಗುಣವನ್ನು ಕೇಳುವ ಜನರಿದ್ದಾರೆ. ಬೆಂಗಳೂರು ತನ್ನ ಕೆರೆಗಳಿಗೆ ಇಂಥ ಹೊಸ ಅಚ್ಚುಕಟ್ಟನ್ನು ಕಟ್ಟಿಕೊಡಬೇಕು. ಕೆರೆಯ ಒರತೆಯಿಂದ ಬಾವಿ ತುಂಬಿಸಿಕೊಳ್ಳುವ ಬೀದಿಗಳು, ಅದರ ನೀರು ಬಳಸುವ ಉದ್ಯಾನ, ಕಟ್ಟಡ, ಕಾರ್ಖಾನೆಗಳು, ಅದಕ್ಕೆ ಮಳೆ ಹರಿಸುವ ಮೇಲಿನ ಬಡಾವಣೆಗಳು, ಇವರೆಲ್ಲರ ಹೆಸರು ಒಂದು ಪಟ್ಟಿಯಲ್ಲಿರಬೇಕು. ಆ ಪಟ್ಟಿಯಲ್ಲಿ ಸಂಬಳ ಪಡೆಯುವ ಒಬ್ಬ ನೀರುಗಂಟಿಯೂ, ಉತ್ತರ ಹೇಳಬೇಕಾದ ಒಬ್ಬ ಅಧಿಕಾರಿಯೂ ಇರಬೇಕು.

2025ರಲ್ಲಿ ನಗರದ ಆಡಳಿತ ಮತ್ತೆ ಬದಲಾಗಿದೆ. ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ 5 ಪಾಲಿಕೆಗಳೂ ಬಂದಿವೆ. ಕೆರೆಗಳ ಸರಪಳಿ ಪಾಲಿಕೆಯ ಗಡಿ ನೋಡಿ ಹರಿಯುವುದಿಲ್ಲವಾದ್ದರಿಂದ ಹೊಣೆಯನ್ನು ಕಣಿವೆಯ ಲೆಕ್ಕದಲ್ಲಿ ಹಂಚುವ ಅವಕಾಶ ಈಗಿದೆ, ಅದು ಕೈತಪ್ಪಿದರೆ ಇನ್ನಷ್ಟು ಬೇಲಿಗಳು ಏಳುತ್ತವೆ. ಕಂಠೀರವ ಕ್ರೀಡಾಂಗಣದ ಮಗ್ಗುಲಲ್ಲಿ ಸಂಪಂಗಿ ಕೆರೆಯದೆಂದು ಉಳಿದಿರುವುದು ಒಂದು ಸಣ್ಣ ಹೊಂಡ. ಅದೂ ಉಳಿದದ್ದು ಕರಗಕ್ಕೆ ಆ ನೀರು ಬೇಕೆಂದು ಒಂದು ಸಮುದಾಯ ಪಟ್ಟು ಬಿಡದೆ ಕೇಳಿದ್ದರಿಂದ. ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ. ನಿಮ್ಮ ಮನೆಯ ಮೇಲೆ ಬಿದ್ದ ಮಳೆ ಯಾವ ಕೆರೆಗೆ ಹೋಗಬೇಕೆಂದು ತಿಳಿದುಕೊಳ್ಳಿ. ಆ ಕೆರೆಗೆ ಹೊಣೆ ಯಾರೆಂದು ಹೊಸ ಪಾಲಿಕೆಯನ್ನು ಕೇಳಿ, ಒಂದೇ ಹೆಸರು ಸಿಗುವವರೆಗೆ ಕೇಳುತ್ತಲೇ ಇರಿ.